ದಾವಣಗೆರೆ–ಹರಿಹರ ಪ್ರಾಂತದ ಮೆರವಣಿಗೆಯ ವಾದ್ಯಮೇಳಗಳು: ಡೊಳ್ಳು ಮತ್ತು ಶಾಲಾ ಬ್ಯಾಂಡುಗಳ ವಿನ್ಯಾಸದ ತುಲನೆ

ಸಂಗೀತವೆಂದೊಡನೆ ವಿದ್ವಾಂಸರ ಮನಸ್ಸು ಸಾಮಾನ್ಯವಾಗಿ ಕುಳಿತು ಹಾಡುವ, ಕುಳಿತು ಕೇಳುವ ಕಲೆಯ ಕಡೆಗೇ ಹರಿಯುತ್ತದೆ. ನಡೆಯುತ್ತ ನುಡಿಸುವ ವಾದ್ಯಗಳ ವಿಷಯವಾಗಿ ನಮ್ಮಲ್ಲಿ ನಡೆದಿರುವ ವಿಚಾರ ತೀರ ಸ್ವಲ್ಪ. ಅವನ್ನು ಉತ್ಸವದ ಒಂದು ಅಂಗವೆಂದು ಎಣಿಸಿ ಮುಂದೆ ಸಾಗುವುದುಂಟೇ ಹೊರತು, ಅವುಗಳಿಗೂ ಒಂದು ರಚನಾಕ್ರಮವುಂಟು, ಆ ಕ್ರಮಕ್ಕೂ ಒಂದು ಚರಿತ್ರೆಯುಂಟು ಎಂದು ಪರಿಶೀಲಿಸುವವರು ವಿರಳ. ಪ್ರಕೃತ ಲೇಖನದಲ್ಲಿ ನಾವು ದಾವಣಗೆರೆ ಮತ್ತು ಹರಿಹರಗಳ ಬೀದಿಗಳಲ್ಲಿ ಕಾಣಬರುವ ಎರಡು ಮೇಳಗಳನ್ನು ಒಂದರ ಪಕ್ಕದಲ್ಲೊಂದನ್ನಿರಿಸಿ ನೋಡಲು ಉದ್ದೇಶಿಸಿದ್ದೇವೆ. ಒಂದು, ಜಾತ್ರೆ ಉತ್ಸವಗಳ ಡೊಳ್ಳಿನ ಮೇಳ. ಮತ್ತೊಂದು, ರಾಷ್ಟ್ರೀಯ ಹಬ್ಬಗಳಂದು ಕವಾಯತಿನ ಮುಂದೆ ನಡೆಯುವ ಪ್ರೌಢಶಾಲೆಯ ಬ್ಯಾಂಡು. ಮದುವೆಯ ದಿಬ್ಬಣದ ಬ್ಯಾಂಡು, ವೀರಗಾಸೆಯ ಮೇಳ, ನಂದಿಕೋಲಿನ ಸಮಾಳ ಇವುಗಳ ವಿಚಾರ ಸ್ವತಂತ್ರ ಲೇಖನಗಳಿಗೆ ಅರ್ಹವಾದುದರಿಂದ ಅವನ್ನು ಇಲ್ಲಿ ಬಿಟ್ಟಿದ್ದೇವೆ.

ಮೇಲ್ನೋಟಕ್ಕೆ ಈ ಎರಡು ಮೇಳಗಳಲ್ಲಿ ಸಾಮ್ಯ ಹೆಚ್ಚು. ಎರಡರಲ್ಲಿಯೂ ಚರ್ಮವಾದ್ಯವೇ ಪ್ರಧಾನ. ಎರಡೂ ಕಾಲ್ನಡಿಗೆಯ ಕಲೆಗಳು. ಎರಡಕ್ಕೂ ಸಮವಸ್ತ್ರವುಂಟು, ನಾಯಕನುಂಟು, ತಾಲೀಮುಂಟು. ಆದರೂ ನೋಡುವವನ ಮನಸ್ಸಿನ ಮೇಲೆ ಇವು ಮಾಡುವ ಪರಿಣಾಮ ಬೇರೆ ಬೇರೆ. ಈ ಭೇದಕ್ಕೆ ವಾದ್ಯಗಳ ಭೇದವೇ ಕಾರಣವೆಂದು ಹೇಳುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಅದು ಪೂರ್ಣ ಸತ್ಯವಲ್ಲ. ಮೇಳವನ್ನು ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದೇ ವಿನ್ಯಾಸದ ಮೂಲಪ್ರಶ್ನೆ. ಉಳಿದುದೆಲ್ಲವೂ ಬಹುಮಟ್ಟಿಗೆ ಅದನ್ನು ಅನುಸರಿಸಿ ಬರುತ್ತದೆ. ಇದನ್ನು ಸಾಧಿಸಲು ನಾವು ವಾದ್ಯ, ಹೆಜ್ಜೆ, ವ್ಯೂಹ, ನೋಟ ಎಂಬ ನಾಲ್ಕು ಅಂಗಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ.

1

ಮೊದಲು ಸ್ಥಳದ ವಿಚಾರ. ವಾದ್ಯವು ಮೆರವಣಿಗೆಯಲ್ಲಿ ಅಧಿಕಾರದ ಗುರುತಾಗಿದ್ದುದು ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದ ಸಂಗತಿ. ನಮ್ಮ ಶಾಸನಗಳಲ್ಲಿ ಮಾಂಡಲಿಕರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ವಿಶೇಷಣ ಪದೇ ಪದೇ ಬರುತ್ತದೆ. ಐದು ಮಹಾವಾದ್ಯಗಳ ಘೋಷವನ್ನು ಪಡೆಯುವ ಹಕ್ಕು ಅವರಿಗೆ ಸಂದಿತ್ತೆಂಬುದು ಇದರ ಅರ್ಥ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಇವೇ ಆ ಐದು ವಾದ್ಯಗಳೆಂದು ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯಿಂದ ತಿಳಿದುಬರುತ್ತದೆ. ಇವುಗಳಲ್ಲಿ ಎರಡು ಚರ್ಮವಾದ್ಯಗಳು, ಎರಡು ಊದುವ ವಾದ್ಯಗಳು, ಒಂದು ಲೋಹವಾದ್ಯ. ಇಂದಿನ ಯಾವ ಮೆರವಣಿಗೆಯ ಮೇಳವನ್ನು ನೋಡಿದರೂ ಈ ಮೂರು ಬಗೆಗಳ ಕೂಟವೇ ಕಾಣುವುದು ಗಮನಾರ್ಹ. ಡೊಳ್ಳಿನೊಡನೆ ತಾಳವೂ ಜಾಗಟೆಯೂ ಕಹಳೆಯೂ ಸೇರುತ್ತವೆ; ಬ್ಯಾಂಡಿನ ಡ್ರಮ್ಮಿನೊಡನೆ ಕಂಚಿನ ತಾಳವೂ ಬ್ಯೂಗಲ್ಲೂ ಸೇರುತ್ತವೆ.

ಹರಿಹರವು ಇಂತಹ ಘೋಷಗಳಿಗೆ ಹಳೆಯ ನೆಲೆ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ವೇಳೆಗೆ ಕಟ್ಟಿಸಿದನು. ದೇವರ ಉತ್ಸವವುಳ್ಳ ಊರಿಗೆ ಮೆರವಣಿಗೆಯ ಬೀದಿ ಸಹಜವಾಗಿಯೇ ಒದಗುತ್ತದೆ. ಅದೇ ಹರಿಹರಕ್ಕೆ ಮತ್ತೊಂದು ಬಗೆಯ ಮೆರವಣಿಗೆಯ ಪರಿಚಯವೂ ಆಗಿತ್ತು. ಊರಿಗೆ ವಾಯವ್ಯದಲ್ಲಿ ಎರಡು ಮೈಲಿ ದೂರದ ದಂಡಿನ ಪಾಳೆಯದಲ್ಲಿ 1865ರವರೆಗೆ ಸಿಪಾಯಿಗಳ ದಳವೊಂದು ನೆಲೆಸಿತ್ತು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗೆ 1868ರಲ್ಲಿ ಇಲ್ಲಿ ಸೇತುವೆ ಪೂರ್ಣವಾಯಿತು. ಅರುವತ್ತು ಅಡಿ ಅಗಲದ ಹದಿನಾಲ್ಕು ಕಮಾನುಗಳುಳ್ಳ ಆ ಸೇತುವೆ ಮೈಸೂರು ಸೀಮೆಯನ್ನು ಮುಂಬಯಿ ಪ್ರಾಂತದೊಡನೆ ಕೂಡಿಸಿತು. ದೇವರ ರಥದ ಬೀದಿ ಮತ್ತು ದಂಡಿನ ದಾರಿ, ಎರಡೂ ಒಂದೇ ಊರಿನ ಮಗ್ಗುಲಲ್ಲಿ ಇದ್ದುವೆಂಬುದಷ್ಟೆ ನಮಗೆ ಇಲ್ಲಿ ಮುಖ್ಯ. ಇಂದಿನ ಶಾಲಾ ಬ್ಯಾಂಡು ಆ ಪಾಳೆಯದಿಂದಲೇ ಇಳಿದುಬಂದಿತೆಂದು ಹೇಳುವುದು ನಮ್ಮ ಉದ್ದೇಶವಲ್ಲ.

ದಾವಣಗೆರೆಯ ಚರಿತ್ರೆ ಬೇರೆ ತೆರನಾದುದು. ಬೇತೂರಿಗೆ ಸೇರಿದ ಸಣ್ಣ ಹಳ್ಳಿಯಾಗಿದ್ದ ಈ ಊರನ್ನು ಹೈದರಾಲಿಯು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆಸಿ ನೆಲೆಗೊಳಿಸಿದ್ದರಿಂದ ಪೇಟೆ ಬೆಳೆಯಿತು. ಮುಂದೆ ಹತ್ತಿಯ ವ್ಯಾಪಾರವೂ ಗಿರಣಿಗಳೂ ಬಂದು ಸುತ್ತಲ ಹಳ್ಳಿಗಳ ಜನ ಇಲ್ಲಿ ನೆರೆದರು. ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಹಳ್ಳಿಯ ಮೇಳಗಳಿಗೂ ಪೇಟೆಯ ಬೀದಿಗೂ ಗಂಟು ಬೀಳುವುದು ಇಂತಹ ಜಾತ್ರೆಗಳಲ್ಲಿಯೇ.

2

ಡೊಳ್ಳು ಹಾಲುಮತದ ಕುರುಬರ ವಾದ್ಯ. ಬೀರೇಶ್ವರನ ಸೇವೆಗೆ ಮೀಸಲಾದುದು. ಡೊಳ್ಳಾಸುರನೆಂಬ ರಕ್ಕಸನು ಶಿವನನ್ನು ನುಂಗಲು, ಶಿವನು ಅವನ ಒಡಲನ್ನು ಸೀಳಿ ಹೊರಬಂದು, ಅವನ ಚರ್ಮದಿಂದಲೇ ವಾದ್ಯವನ್ನು ಮಾಡಿ ತನ್ನ ಭಕ್ತರಿಗೆ ಕೊಟ್ಟನೆಂದು ಐತಿಹ್ಯವಿದೆ. ಐತಿಹ್ಯವನ್ನು ಚರಿತ್ರೆಯೆಂದು ತೆಗೆದುಕೊಳ್ಳಬೇಕಾಗಿಲ್ಲ. ಆದರೆ ವಾದ್ಯವನ್ನು ಬಾರಿಸುವವನು ಅದನ್ನು ಏನೆಂದು ಭಾವಿಸಿದ್ದಾನೆಂಬುದನ್ನು ಅದು ಚೆನ್ನಾಗಿ ತಿಳಿಸುತ್ತದೆ. ಅದು ಅವನಿಗೆ ಕೇವಲ ತಾಳ ಹಿಡಿಯುವ ಉಪಕರಣವಲ್ಲ, ಕಥೆಯುಳ್ಳ ವಸ್ತು.

ಮರದ ದೊಡ್ಡ ಗೂಡಿನ ಎರಡು ಮುಖಗಳಿಗೂ ಆಡು ಕುರಿಗಳ ಚರ್ಮವನ್ನು ಬಿಗಿದು, ಹಗ್ಗದಿಂದ ಮೈಗೆ ಕಟ್ಟಿಕೊಂಡು, ಒಂದು ಮುಖವನ್ನು ಕೋಲಿನಿಂದಲೂ ಇನ್ನೊಂದು ಮುಖವನ್ನು ಬರಿಗೈಯಿಂದಲೂ ಬಾರಿಸುವುದು ಕ್ರಮ. ಕೋಲಿನ ಪೆಟ್ಟು ಗಡುಸು, ಕೈಯ ಪೆಟ್ಟು ಮೃದು. ಒಬ್ಬನೇ ವಾದಕನಲ್ಲಿ ಎರಡು ಧ್ವನಿಗಳು ಹುಟ್ಟುತ್ತವೆ. ಇಂತಹ ಹತ್ತು ಹನ್ನೆರಡು ಮಂದಿ ಕೂಡಿದಾಗ ಮೇಳವಾಗುತ್ತದೆ. ಇಲ್ಲಿ ಹೆಜ್ಜೆಗೆ ಇಷ್ಟು ಅಂಗುಲವೆಂಬ ಅಳತೆಯಿಲ್ಲ; ಪೆಟ್ಟಿಗೆ ತಕ್ಕಂತೆ ಹೆಜ್ಜೆ. ಭಾರವಾದ ವಾದ್ಯವನ್ನು ಹೊತ್ತವನು ಬಾಗಿ, ಏಳುತ್ತ, ಪಕ್ಕಕ್ಕೆ ಸರಿಯುತ್ತ, ತಿರುಗುತ್ತ ಕುಣಿಯುವಾಗ ದೇಹದ ಓಲಾಟವೇ ತಾಳದ ಗುರುತಾಗುತ್ತದೆ.

ಮೇಳವು ಬೀದಿಯಲ್ಲಿ ಸಾಗುವಾಗ ಸಾಲಾಗಿಯೇ ಇರುತ್ತದೆ. ಆದರೆ ಅದರ ಕಲೆ ಪ್ರಕಟವಾಗುವುದು ಸಾಗುವಾಗ ಅಲ್ಲ, ನಿಂತಾಗ. ಗುಡಿಯ ಮುಂದೆ, ನಾಲ್ಕು ದಾರಿ ಕೂಡುವಲ್ಲಿ ಮೆರವಣಿಗೆ ತಡೆದು ನಿಲ್ಲುತ್ತದೆ, ಸಾಲು ಬಳೆಯಾಗುತ್ತದೆ. ಜನರು ಸುತ್ತ ನೆರೆದು ಆ ಬಳೆಗೆ ಇನ್ನೊಂದು ಹೊರಬಳೆಯಾಗುತ್ತಾರೆ. ವಿಳಂಬವಾಗಿ ಆರಂಭವಾದ ಗತ್ತು ಮೆಲ್ಲಮೆಲ್ಲನೆ ಬಿರುಸಾಗುತ್ತದೆ, ಮುಂದಾಳು ಪೆಟ್ಟಿನಿಂದಲೇ ಸನ್ನೆಮಾಡುತ್ತಾನೆ, ಗತ್ತು ಬದಲಾಗುತ್ತದೆ. ಈ ಬಳೆಗೆ ಮುಂದು ಹಿಂದು ಎಂಬುದಿಲ್ಲ. ಯಾವ ಕಡೆಯಿಂದ ನೋಡಿದರೂ ಕೆಲವರ ಮುಖವೂ ಕೆಲವರ ಬೆನ್ನೂ ಕಾಣುತ್ತವೆ. ನೋಡುವವರಲ್ಲಿ ಮೇಲು ಕೀಳೆಂಬ ಆಸನಭೇದಕ್ಕೆ ಈ ವಿನ್ಯಾಸದಲ್ಲಿ ಎಡೆಯೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇದರೊಡನೆ ಡೊಳ್ಳಿನ ಪದಗಳನ್ನು ಮರೆಯಲಾಗದು. ಬೀರೇಶ್ವರ, ಮಾಯವ್ವ, ರೇವಣಸಿದ್ಧರ ಕಥೆಗಳನ್ನು ಹಿರಿಯರು ಡೊಳ್ಳಿನ ಗತ್ತಿಗೆ ಹೊಂದಿಸಿ ಹಾಡುತ್ತಾರೆ. ಪದವು ನಡೆಯುವಾಗ ಡೊಳ್ಳು ತಗ್ಗುತ್ತದೆ. ಪದವು ನಿಂತಾಗ ಏರುತ್ತದೆ. ಮೇಳದ ಏರಿಳಿತಗಳಿಗೆ ಅರ್ಥವನ್ನು ಕೊಡುವುದು ಈ ಪದವೇ.

3

ಶಾಲಾ ಬ್ಯಾಂಡಿನ ವಂಶಾವಳಿ ಬೇರೆ. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡು, ಕರ್ಣಾಟಕ ಬ್ಯಾಂಡು ಎಂಬ ಎರಡು ವೃಂದಗಳಿದ್ದುದೂ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಆಟೋ ಸ್ಮಿಟ್ ಅವರು ಅರಮನೆಯ ಪಾಶ್ಚಾತ್ಯ ವೃಂದವನ್ನು ನಡೆಸಿದುದೂ ವಿದಿತವಾಗಿದೆ. ದಸರೆಯ ಜಂಬೂಸವಾರಿಯನ್ನು ಕಂಡವರಿಗೆಲ್ಲ ಬ್ಯಾಂಡು ರಾಜವೈಭವದ ಲಕ್ಷಣವೆನಿಸಿತು. ಆದರೆ ಶಾಲೆಗಳಿಗೆ ಅದು ಇಳಿದುಬಂದ ದಾರಿ ಅರಮನೆಯಲ್ಲ, ಕವಾಯತು. 1923ರಲ್ಲಿ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳವನ್ನು ಸ್ಥಾಪಿಸಿ, ಸ್ವಯಂಸೇವಕರಿಗೆ ಶಿಸ್ತಿನ ನಡೆಯನ್ನು ಕಲಿಸಿದರು. ಸ್ವಾತಂತ್ರ್ಯಾನಂತರ 1948ರಲ್ಲಿ ಎನ್.ಸಿ.ಸಿ.ಯೂ 1950ರಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯೂ ಏರ್ಪಟ್ಟವು. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಕೆರೆಯ ಅಂಚಿನಲ್ಲಿರುವ ಸ್ಕೌಟ್ ಶಿಬಿರಕೇಂದ್ರವೂ, ಅದರೊಡನೆ ಕೂಡಿಬರುವ ಕೊಂಡಜ್ಜಿ ಬಸಪ್ಪನವರ ಹೆಸರೂ ಈ ಪ್ರಾಂತದ ಶಾಲೆಗಳಿಗೆ ಪರಿಚಿತವಾದುವು.

ಶಾಲಾ ಬ್ಯಾಂಡಿನ ಸಾಮಗ್ರಿ ಸರಳ. ಪಕ್ಕದ ಡ್ರಮ್ಮುಗಳು, ಒಂದು ದೊಡ್ಡ ಡ್ರಮ್ಮು, ಕಂಚಿನ ತಾಳ, ಬ್ಯೂಗಲ್ಲು; ಕೆಲವೆಡೆ ಕೊಳಲು. ಇವುಗಳಲ್ಲಿ ಬ್ಯೂಗಲ್ಲಿನ ಸ್ವಭಾವವನ್ನು ಕೊಂಚ ವಿವರಿಸಬೇಕಾಗಿದೆ. ಅದಕ್ಕೆ ಬೆರಳಿಡುವ ರಂಧ್ರಗಳಿಲ್ಲ, ಒತ್ತುವ ಗುಂಡಿಗಳೂ ಇಲ್ಲ. ತುಟಿಯ ಬಿಗಿತದಿಂದ ಮಾತ್ರ ಸ್ವರ ಹೊರಡಬೇಕಾದುದರಿಂದ ಷಡ್ಜ, ಪಂಚಮ, ಗಾಂಧಾರಗಳೆಂಬ ಮೂರೇ ಸ್ವರಗಳು ಸ್ಥಾಯಿಭೇದದಿಂದ ಐದಾಗಿ ಬಳಕೆಗೆ ಬರುತ್ತವೆ. ಇಷ್ಟರಲ್ಲಿ ರಾಗವನ್ನು ಬೆಳೆಸುವುದು ಅಸಾಧ್ಯ. ಸನ್ನೆಯನ್ನು ಕೊಡುವುದು ಸಾಧ್ಯ. ಆದ್ದರಿಂದ ಶಾಲಾ ಬ್ಯಾಂಡಿನ ಶೋಭೆಯು ಸ್ವರದಲ್ಲಿಲ್ಲ, ನಡೆಯಲ್ಲಿದೆ.

ಈ ನಡೆಗೆ ಕಟ್ಟುನಿಟ್ಟಾದ ಲೆಕ್ಕವುಂಟು. ಕವಾಯತಿನ ತ್ವರಿತ ನಡೆಯಲ್ಲಿ ಮಿನಿಟಿಗೆ 120 ಹೆಜ್ಜೆ. ಹೆಜ್ಜೆಗೆ 30 ಅಂಗುಲ. ಅಂದರೆ ಮೇಳವು ಮಿನಿಟಿಗೆ 300 ಅಡಿ, ಸೆಕೆಂಡಿಗೆ ಐದು ಅಡಿ ಸಾಗುತ್ತದೆ. ವಂದನೆ ಸ್ವೀಕರಿಸುವ ವೇದಿಕೆಯ ಮುಂದಿನ ಜಾಗ 60 ಅಡಿಯೆಂದು ಇಟ್ಟುಕೊಂಡರೆ ಒಂದು ಸಾಲು ಅದನ್ನು ದಾಟಲು ಹನ್ನೆರಡು ಸೆಕೆಂಡು ಸಾಕು. ತಿಂಗಳುಗಟ್ಟಲೆ ನಡೆದ ತಾಲೀಮಿನ ಪರೀಕ್ಷೆ ಈ ಹನ್ನೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಇಷ್ಟು ಅಲ್ಪಕಾಲದಲ್ಲಿ, ಒಂದೇ ಪಕ್ಕದಿಂದ ನೋಡುವ ಕಣ್ಣಿಗೆ ಏನು ಕಾಣಬಲ್ಲುದು? ಸಾಲಿನ ನೇರ, ತೋಳಿನ ಬೀಸು, ಹೆಜ್ಜೆಯ ಒಮ್ಮತ, ನಾಯಕನ ದಂಡದ ಏರಿಳಿತ. ಶಾಲಾ ಬ್ಯಾಂಡು ಇವನ್ನೇ ಸಾಧಿಸುತ್ತದೆ. ಅದರಲ್ಲಿ ಗತ್ತುಗಳ ವೈವಿಧ್ಯವಿಲ್ಲವೆಂದು ಆಕ್ಷೇಪಿಸುವವರು, ಅದನ್ನು ತೋರಿಸಲು ಅದಕ್ಕೆ ಅವಕಾಶವೇ ಇಲ್ಲವೆಂಬುದನ್ನು ಮರೆಯುತ್ತಾರೆ.

4

ಹೀಗೆ ಒಂದು ವೃತ್ತದ ಕಲೆ, ಮತ್ತೊಂದು ರೇಖೆಯ ಕಲೆ. ಒಂದು ನಿಂತು ತೋರುವುದು, ಮತ್ತೊಂದು ಸಾಗುತ್ತ ತೋರುವುದು. ಒಂದರ ಪ್ರೇಕ್ಷಕರು ಸುತ್ತಲೂ ಇದ್ದಾರೆ, ಮತ್ತೊಂದರ ಮುಖ್ಯ ಪ್ರೇಕ್ಷಕನು ಎತ್ತರದಲ್ಲಿ, ಒಂದು ಪಕ್ಕದಲ್ಲಿ ಇದ್ದಾನೆ. ನೋಟವು ಬದಲಾದರೆ ವಿನ್ಯಾಸವೂ ಬದಲಾಗಬೇಕೆಂಬ ನಮ್ಮ ಊಹೆಗೆ ಹೊರದೇಶದ ಒಂದು ನಿದರ್ಶನವು ಬಲವಾದ ಆಧಾರವನ್ನು ಒದಗಿಸುತ್ತದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಇಂತಹವೇ ಎರಡು ಮೇಳಗಳಿವೆ. ಒಂದು ಪ್ರೌಢಶಾಲೆಗಳ ನಡೆಯುವ ಬ್ಯಾಂಡು. ಇದರಲ್ಲಿ ಹಿತ್ತಾಳೆಯ ವಾದ್ಯಗಳೊಡನೆ ಕೊಳಲು ಕ್ಲಾರಿನೆಟ್ಟುಗಳೂ ಇರುತ್ತವೆ. ಫುಟ್‌ಬಾಲ್ ಪಂದ್ಯದ ವಿರಾಮಕಾಲದಲ್ಲಿ ಮೈದಾನಕ್ಕಿಳಿಯುವುದು ಇದರ ರೂಢಿ. 1907ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ಬ್ಯಾಂಡು ಮೈದಾನದಲ್ಲಿ ಒಂದು ಅಕ್ಷರದ ಆಕಾರವನ್ನು ರಚಿಸಿ ನಿಂತುದು ಈ ಬಗೆಯ ವ್ಯೂಹಗಳ ಚರಿತ್ರೆಯಲ್ಲಿ ಪ್ರಸಿದ್ಧ. ಮತ್ತೊಂದು ಡ್ರಮ್ ಕೋರ್ ಎಂಬುದು. ಇದರಲ್ಲಿ ಡ್ರಮ್ಮು ಮತ್ತು ಹಿತ್ತಾಳೆಯ ವಾದ್ಯಗಳಲ್ಲದೆ ಕೊಳಲಿನ ಜಾತಿಯವು ಇಲ್ಲ. ಮೊದಲನೆಯ ಮಹಾಯುದ್ಧದ ಸೈನಿಕರು 1919ರಲ್ಲಿ ಕಟ್ಟಿದ ಅಮೆರಿಕನ್ ಲೀಜನ್ ಮೊದಲಾದ ಸಂಘಗಳ ಆಶ್ರಯದಲ್ಲಿ ಇದು ಬೆಳೆಯಿತು. ಬೀದಿಯ ಮೆರವಣಿಗೆ ಮತ್ತು ದಂಡಿನ ಶಿಸ್ತು ಇದರ ತಾಯಿಬೇರು. 1971ರಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಏರ್ಪಟ್ಟು, ಮರುವರ್ಷ ವಿಸ್ಕಾನ್ಸಿನ್ ಪ್ರಾಂತದ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್ ಸ್ಪರ್ಧೆ ನಡೆಯಿತು.

ಬೀದಿಯನ್ನು ಬಿಟ್ಟು ಮೈದಾನಕ್ಕೆ ಬಂದ ಈ ಮೇಳಗಳಲ್ಲಿ ಮೊದಲು ಬದಲಾದದ್ದು ಹೆಜ್ಜೆ. ಬೀದಿಯ ಹೆಜ್ಜೆ 30 ಅಂಗುಲವಾದರೆ, ಮೈದಾನದಲ್ಲಿ ಐದು ಗಜಕ್ಕೊಂದರಂತೆ ಎಳೆದ ಗೆರೆಗಳಿಗೆ ಹೊಂದುವಂತೆ ಐದು ಗಜಕ್ಕೆ ಎಂಟು ಹೆಜ್ಜೆಗಳ ಕ್ರಮ ಬಂದಿತು. ಅಂದರೆ ಹೆಜ್ಜೆಗೆ ಇಪ್ಪತ್ತೆರಡೂವರೆ ಅಂಗುಲ. ಆಮೇಲೆ ವ್ಯೂಹ ಬದಲಾಯಿತು. ಎತ್ತರದ ಆಸನಗಳಿಂದ ನೋಡುವ ತೀರ್ಪುಗಾರರಿಗೆ ನೆಲದ ಮೇಲಿನ ಚಿತ್ರವು ನಕ್ಷೆಯಂತೆ ತೋರುವುದರಿಂದ, ಸಾಲುಗಳು ಬಾಗಿದವು, ಒಂದನ್ನೊಂದು ಹಾದುಹೋದವು. 1983ರಿಂದ 1985ರವರೆಗೆ ಸತತವಾಗಿ ಮೂರು ಸಲ ಗೆದ್ದ ಗಾರ್ಫೀಲ್ಡ್ ಕೆಡೆಟ್ಸ್ ತಂಡಕ್ಕೆ ಜಾರ್ಜ್ ಜಿಂಗಾಲಿ ರಚಿಸಿದ ವ್ಯೂಹಗಳು ಎಡಬಲಗಳ ಸಮತೆಯನ್ನೇ ತೊರೆದುದರಿಂದ ಹೆಸರಾದವು. ಕೊನೆಗೆ ವಾದ್ಯಗಳೂ ಬದಲಾದವು. 2000ದಲ್ಲಿ ಎಲ್ಲ ಶ್ರುತಿಗಳ ಹಿತ್ತಾಳೆಯ ವಾದ್ಯಗಳಿಗೂ, 2004ರಲ್ಲಿ ಧ್ವನಿವರ್ಧಕಕ್ಕೂ ಅನುಮತಿ ದೊರೆಯಿತು. ಶಾಲಾ ಬ್ಯಾಂಡುಗಳೂ ತಮ್ಮ ಸ್ಪರ್ಧೆಗಳಲ್ಲಿ ಇದೇ ಮಾದರಿಯನ್ನು ಅನುಸರಿಸಿದವು. ಹೀಗಾಗಿ ಬೇರೆ ಬೇರೆ ಮೂಲದ ಎರಡು ಮೇಳಗಳು, ಒಂದೇ ಬಗೆಯ ಮೈದಾನದಲ್ಲಿ, ಒಂದೇ ಬಗೆಯ ತೀರ್ಪಿಗೆ ಒಳಪಟ್ಟುದರಿಂದ ಒಂದನ್ನೊಂದು ಹೋಲತೊಡಗಿದವು. ಕೊಳಲಿನ ಜಾತಿಯ ವಾದ್ಯಗಳು ಇರುವುದು ಇಲ್ಲದಿರುವುದು ಎಂಬ ಭೇದ ಉಳಿದರೂ, ವಿನ್ಯಾಸದ ಭೇದ ಬಹಳಮಟ್ಟಿಗೆ ಕರಗಿತು.

5

ಈ ನಿದರ್ಶನವು ನಮಗೆ ಕೇವಲ ಕುತೂಹಲದ ವಿಷಯವಲ್ಲ. ಇಂತಹುದೇ ಒಂದು ಬದಲಾವಣೆ ನಮ್ಮ ಕಣ್ಣಮುಂದೆಯೇ ನಡೆಯುತ್ತಿದೆ. 1953ರಿಂದ ದೆಹಲಿಯಲ್ಲಿ ಗಣರಾಜ್ಯೋತ್ಸವದ ಸಂದರ್ಭದಲ್ಲಿ ಜಾನಪದ ನೃತ್ಯೋತ್ಸವ ನಡೆಯಲಾರಂಭಿಸಿದಾಗ, ನಾಡಿನ ಕುಣಿತಗಳಿಗೆ ಮೊದಲ ಬಾರಿಗೆ ರಾಷ್ಟ್ರದ ವೇದಿಕೆ ಒದಗಿತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚಿತವಾದ ಮೇಲೆ, ಅದುವರೆಗೆ ಚಿತ್ರದುರ್ಗದಲ್ಲಿ ನಡೆಯುತ್ತಿದ್ದ ಜಿಲ್ಲಾಮಟ್ಟದ ಸಮಾರಂಭಗಳು ಈ ನಗರಕ್ಕೂ ಬಂದವು. ಯುವಜನೋತ್ಸವ, ಶಾಲೆಗಳ ಪ್ರತಿಭಾ ಕಾರಂಜಿ ಮೊದಲಾದ ಸ್ಪರ್ಧೆಗಳು ಜಾನಪದ ಕುಣಿತಗಳನ್ನು ವಿದ್ಯಾರ್ಥಿಗಳ ಬಳಿಗೆ ತಂದವು. ಡೊಳ್ಳು ಮತ್ತು ಬ್ಯಾಂಡು ಈಗ ಒಂದೇ ಬೆಳಗ್ಗೆ, ಒಂದೇ ಮೈದಾನದಲ್ಲಿ, ಒಂದೇ ವೇದಿಕೆಯ ಮುಂದೆ ನಿಲ್ಲುವಂತಾಗಿದೆ.

ಇದರಿಂದ ಆಗಿರುವ ಲಾಭವನ್ನು ನಾವು ಅಲ್ಲಗಳೆಯುವುದಿಲ್ಲ. ಒಂದು ಕುಲದ ಸೇವೆಗೆ ಮೀಸಲಾಗಿದ್ದ ಕಲೆ ಎಲ್ಲ ಕುಲಗಳ ಮಕ್ಕಳ ಕೈಗೂ ಬಂದಿದೆ. ಒಂದು ಕಾಲದಲ್ಲಿ ಗಂಡಸರಿಗಷ್ಟೆ ಸೇರಿದ್ದ ಡೊಳ್ಳನ್ನು ಮಹಿಳೆಯರ ತಂಡಗಳು ಸಮರ್ಥವಾಗಿ ಬಾರಿಸುತ್ತಿವೆ. ಕಲಾವಿದರಿಗೆ ಮನ್ನಣೆಯೂ ಸಂಭಾವನೆಯೂ ದೊರೆಯುವಂತಾಗಿದೆ. ಜಾತ್ರೆಯ ಬೀದಿಗೇ ಧ್ವನಿವರ್ಧಕದ ಅಬ್ಬರ ನುಗ್ಗಿರುವ ಈ ದಿನಗಳಲ್ಲಿ ವೇದಿಕೆಯಾದರೂ ಇರುವುದು ಮೇಳಗಳಿಗೆ ಆಸರೆಯೇ ಸರಿ.

ಆದರೆ ನಷ್ಟವನ್ನೂ ಎಣಿಸಬೇಕು. ವೇದಿಕೆಯ ಮುಂದೆ ನಿಂತ ಡೊಳ್ಳಿನ ಬಳೆಯು ತೆರೆದು ಅರ್ಧಚಂದ್ರವಾಗುತ್ತದೆ, ಬಳಿಕ ಸಾಲಾಗುತ್ತದೆ. ಗಣ್ಯರಿಗೆ ಬೆನ್ನು ತೋರಬಾರದೆಂಬುದೇ ಅದಕ್ಕೆ ಕಾರಣ. ಕಾಲಮಿತಿ ಕಡಿಮೆಯಾದುದರಿಂದ ವಿಳಂಬದ ಗತ್ತುಗಳು ಬಿದ್ದುಹೋಗಿ, ಆರಂಭವೇ ಬಿರುಸಿನಿಂದ ಆಗುತ್ತದೆ. ಒಬ್ಬರ ಹೆಗಲ ಮೇಲೊಬ್ಬರು ನಿಂತು ಗೋಪುರ ಕಟ್ಟುವ ಸಾಹಸವು ಕಡೆಯಲ್ಲಿ ಬಂದು ಚಪ್ಪಾಳೆಯನ್ನು ಗಳಿಸುತ್ತದೆ. ಇವು ಒಂದೊಂದೂ ಸಣ್ಣ ಬದಲಾವಣೆ. ಕಲೆಗಳು ಬದಲಾಗದೆ ಬಾಳುವುದಿಲ್ಲ. ನಮ್ಮ ನಿಜವಾದ ಚಿಂತೆ ಪದಗಳದು. ರಾತ್ರಿಯುದ್ದಕ್ಕೂ ಹಾಡುವಷ್ಟು ಕಥೆಯನ್ನು ಕೆಲವೇ ನಿಮಿಷಗಳಲ್ಲಿ ಅಡಗಿಸುವುದು ಅಶಕ್ಯ. ಅದನ್ನು ಕತ್ತರಿಸಿದರೆ ಅರ್ಥವಾಗದು, ಆದ್ದರಿಂದ ಬಿಟ್ಟೇಬಿಡುತ್ತಾರೆ. ಪದವಿಲ್ಲದ ಡೊಳ್ಳು ಉಳಿದುಕೊಳ್ಳುತ್ತದೆ. ಡೊಳ್ಳನ್ನು ಬೇಡದ ಪದ ಉಳಿಯಲಾರದು. ಕುಣಿಯುವ ತರುಣರ ಸಂಖ್ಯೆ ಹೆಚ್ಚುತ್ತಿರುವಾಗಲೇ ಹಾಡುವ ಹಿರಿಯರು ಮೂಲೆಗೆ ಸರಿಯುವುದು ಇದರಿಂದ. ಡೊಳ್ಳು ಬೆಳೆಯುತ್ತಿದೆಯೆಂದು ನಾವು ಸಂತೋಷಪಡುವ ಕಾಲದಲ್ಲಿಯೇ, ಅದಕ್ಕೆ ಹೆಸರನ್ನೂ ಕಥೆಯನ್ನೂ ಕೊಟ್ಟ ಭಾಗವು ಸದ್ದಿಲ್ಲದೆ ಇಲ್ಲವಾಗಬಹುದು.

ಹಾಗೆಂದು ಡೊಳ್ಳನ್ನು ವೇದಿಕೆಯಿಂದ ಹಿಂದಕ್ಕೆ ಕರೆಯಬೇಕೆಂದು ನಾವು ಹೇಳುವುದಿಲ್ಲ. ವಿನ್ಯಾಸವನ್ನು ನಿರ್ಣಯಿಸುವುದು ನೋಟವಾದರೆ, ನೋಟವನ್ನು ಸರಿಪಡಿಸುವುದೇ ಉಪಾಯ. ಶಾಲೆಯ ಅಂಗಳದಲ್ಲಿ ಡೊಳ್ಳಿನ ಸ್ಪರ್ಧೆ ನಡೆಯುವಾಗ ಪ್ರೇಕ್ಷಕರನ್ನೂ ತೀರ್ಪುಗಾರರನ್ನೂ ಸುತ್ತಲೂ ಕೂರಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಒಂದು ಪದದ ಒಂದು ಭಾಗವನ್ನಾದರೂ ಹಿರಿಯರಿಂದ ಹಾಡಿಸಬೇಕೆಂಬ ನಿಯಮವನ್ನು ಸೇರಿಸುವುದೂ ಸಾಧ್ಯ. ಬ್ಯಾಂಡಿಗೂ ಇದೇ ಮಾತು ಸಲ್ಲುತ್ತದೆ: ವೇದಿಕೆಯನ್ನು ದಾಟಿದ ಬಳಿಕ ಮೈದಾನದ ನಡುವೆ ನಿಂತು ನುಡಿಸಲು ಅದಕ್ಕೆ ಐದು ನಿಮಿಷ ಕೊಟ್ಟರೆ, ಹನ್ನೆರಡು ಸೆಕೆಂಡಿನ ಕಟ್ಟಿನಿಂದ ಬಿಡುಗಡೆ ಹೊಂದಿ, ಮಕ್ಕಳು ತಮ್ಮದೇ ಗತ್ತುಗಳನ್ನು ಕಂಡುಕೊಂಡಾರು. ಸಂಶೋಧಕರ ಪಾಲಿಗೆ ಉಳಿಯುವ ಕೆಲಸ ಇದಕ್ಕಿಂತ ತುರ್ತಿನದು. ಇದುವರೆಗೆ ಮೇಳಗಳನ್ನು ವರ್ಣಿಸುವಾಗ ವಾದ್ಯ, ವೇಷ, ಜನಸಂಖ್ಯೆ ಇವನ್ನು ಬರೆದಿಡುತ್ತ ಬಂದಿದ್ದೇವೆ. ಇನ್ನು ಮುಂದೆ ಮೇಳವು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಜನರು ಯಾವ ಕಡೆ ಇದ್ದರು, ಯಾವ ಪದವನ್ನು ಯಾರು ಹಾಡಿದರು ಎಂಬುದನ್ನೂ ಬರೆದಿಡಬೇಕು. ಹಾಡುವವರಿರುವಾಗಲೇ ಪದಗಳನ್ನು ಧ್ವನಿಮುದ್ರಿಸಬೇಕು.

ಒಂದು ನಾಡಿನ ಜನ ತಮ್ಮ ಮೆರವಣಿಗೆಯನ್ನು ಹೇಗೆ ನಡೆಸುತ್ತಾರೆಂಬುದರಲ್ಲಿ ಅವರು ಯಾರನ್ನು ಪ್ರೇಕ್ಷಕರೆಂದು ಎಣಿಸುತ್ತಾರೆಂಬುದೂ ಅಡಗಿದೆ. ರೇಖೆಯ ಶಿಸ್ತೂ ನಮಗೆ ಬೇಕು, ವೃತ್ತದ ಸಮತೆಯೂ ಬೇಕು. ಎರಡೂ ಒಂದೇ ಊರಿನ ಬೀದಿಯಲ್ಲಿ ಉಳಿದು ಬಂದಿರುವುದು ಈ ಪ್ರಾಂತದ ಭಾಗ್ಯ. ಒಂದು ಮತ್ತೊಂದರ ಅನುಕರಣವಾಗಿ ಪರಿಣಮಿಸುವ ಮುನ್ನ ಎರಡರ ಸ್ವರೂಪವನ್ನೂ ಸರಿಯಾಗಿ ಅರಿತು ದಾಖಲಿಸಿಡುವುದು ನಮ್ಮ ಪೀಳಿಗೆಯ ವಿದ್ಯಾರ್ಥಿಗಳ ಹೊಣೆಯೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ.